ಸುಳ್ಳು ಒತ್ತು

ಸೊಹಾರಿನ ಬಂದರಿನಾಚೆ, ಕ್ಲಿನಿಕ್ಕು.
ಬೆಳಿಗ್ಗೆ ಏಳಕ್ಕೇ ನಲವತ್ತೊಂದು ಡಿಗ್ರಿ.
ಕಡಲ ನೀರಿನ ಉಪ್ಪು ತೆಗೆಯುವ ಸ್ಥಾವರದವರ
ಕಿವಿ ನೋಡುವುದು ನನ್ನ ಕೆಲಸ,
ವರ್ಷಕ್ಕೊಮ್ಮೆ, ತಲೆಗೆ ಹನ್ನೆರಡು ನಿಮಿಷ.

ಹಸನಬ್ಬ. ಪಂಪ್ ಆಪರೇಟರ್.
ಗಾಜಿನ ಕೋಣೆಯಲ್ಲಿ ಬಟನ್ ಹಿಡಿದು ಕೂತ.
ಕೇಳಿದರೆ ಒತ್ತಿ, ಇಲ್ಲದಿದ್ದರೆ ಸುಮ್ಮನಿರಿ:
ನಮ್ಮಿಬ್ಬರ ನಡುವೆ ಇಷ್ಟೇ ವ್ಯಾಕರಣ.

ಸಾವಿರ ಹರ್ಟ್ಸ್, ಒತ್ತಿದ.
ನಾಲ್ಕು ಸಾವಿರ, ತುಸು ತಡೆದು, ಒತ್ತಿದ.
ನಾನು ಏನನ್ನೂ ಕಳಿಸದೆ ಸುಮ್ಮನಿದ್ದಾಗ
ಒತ್ತಿದ. ಮತ್ತೊಮ್ಮೆ ಒತ್ತಿದ.
ಯಂತ್ರದಲ್ಲಿ ಅದಕ್ಕೂ ಒಂದು ಕಾಲಮ್ಮಿದೆ:
ಸುಳ್ಳು ಒತ್ತು.

ಬಾಗಿಲು ತೆರೆದು ಕೇಳಿದೆ.
"ಕೇಳಲಿಲ್ಲ ಬಾಯಮ್ಮ, ಕಂಡಿತು.
ನಿಮ್ಮ ಶಿಳ್ಳೆ ನಿಂತರೂ
ಅದರ ಬಣ್ಣ ಹೋಗುವುದಕ್ಕೆ ಸ್ವಲ್ಪ ಹೊತ್ತುಂಟು."

ಮೂರನೇ ಪಂಪು ಕೆಡುವ ಮುಂಚೆ
ಅದರ ಮೊರೆತ ನೇರಳೆಗೆ ತಿರುಗುತ್ತದಂತೆ.
ಕಂಪನದ ಮೀಟರು ಎರಡು ದಿನ ಬಿಟ್ಟು ಒಪ್ಪುತ್ತದೆ.
ಫೋರ್‌ಮನ್ ವರದಿಯಲ್ಲಿ ಬರೆಯುತ್ತಾನೆ: ಅನುಭವಿ.
ನೇರಳೆ ಎಂದು ಇದುವರೆಗೆ
ಯಾರೂ ಬರೆದಿಲ್ಲ.

ಎರಡನೇ ಕ್ಲಾಸಿನಲ್ಲಿ
'ಳ' ಹಸಿರು ಎಂದದ್ದಕ್ಕೆ ಗೆಣ್ಣಿಗೆ ಏಟು.
"ಹಳದಿ ಅಂತ ಬರೆದರೂ ನಡುವೆ ಹಸಿರೇ ಬಾಯಮ್ಮ,
ನಾನೇನು ಮಾಡಲಿ? ಈಗಲೂ ಆ ಶಬ್ದ ಓದುವಾಗ
ನಾಲಗೆ ಒಮ್ಮೆ ಎಡವುತ್ತದೆ."

ಆ ಎಡವನ್ನು ಅಳೆಯಬಹುದು. ಗಡಿಯಾರ ಸಾಕು.
ಸೆಕೆಂಡಿನ ಇಷ್ಟನೇ ಪಾಲು ಎಂದು ಹಾಳೆಗೆ ಹಾಕಬಹುದು.
ಆದರೆ ಆ ಹಸಿರು?
ಹಾಗೆ ಕೇಳಿದರೆ, ನನ್ನ ಕಣ್ಣಿನ ಹಸಿರನ್ನು ತಾನೇ
ಯಾರು ಬಂದು ನೋಡಿದ್ದಾರೆ;
ಹಸಿರು ದೀಪಕ್ಕೆ ರಸ್ತೆ ದಾಟುತ್ತೇನೆ,
ಅಷ್ಟಕ್ಕೇ ನಂಬಿದ್ದಾರೆ.

ಪ್ರಿಂಟರು ಅವನ ಹಾಳೆ ಉಗುಳಿತು.
ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಿಸು.
ಅವನು ಬಗ್ಗಿ ನೋಡಿ ಮುಖವರಳಿಸಿದ:
"ಓ, ನಿಮ್ಮ ಮೆಷಿನಿಗೂ ಉಂಟಲ್ಲ, ಕಿವಿಗೆ ಬಣ್ಣ!"
ಅದು ಬರೀ ಒಪ್ಪಂದ ಎನ್ನಲು ಹೊರಟವಳು
ಷರಾ ಬರೆದೆ: ಸಾಮಾನ್ಯ. ಎರಡು ಸುಳ್ಳು ಒತ್ತು.
ಠಸ್ಸೆ ಹಾಕಿದೆ.

ಮಧ್ಯಾಹ್ನ, ಎಲ್ಲರೂ ನಮಾಜಿಗೋ ಊಟಕ್ಕೋ ಹೋದಾಗ
ಕೋಣೆಯೊಳಗೆ ನಾನೇ ಕೂತೆ.
ಅದೇ ನಾಲ್ಕು ಸಾವಿರ. ಕಣ್ಣು ಮುಚ್ಚಿದೆ.
ಒಂದು ತೆಳು ಶಿಳ್ಳೆ, ಸುತ್ತ ರೆಪ್ಪೆಯ ಕತ್ತಲು,
ಚಿಗುರಿಲ್ಲ, ನೇರಳೆಯಿಲ್ಲ.
ಒತ್ತಿದೆ.

ಅವನ ಚುಕ್ಕೆ ಬಿದ್ದಲ್ಲೇ
ನನ್ನದೂ ಬಿತ್ತು.