ಆರಿಸದ ಸ್ವಿಚ್ಚು

ಕರಿಮಣಿಯ ಜೊತೆ ಈಗ ಇನ್ನೊಂದು ತೂಗು:
ಬೆಂಕಿಪೆಟ್ಟಿಗೆಯಷ್ಟು ಕಪ್ಪು ಡಬ್ಬಿ, ತುದಿಗೊಂದು ಹಸಿರು ಚುಕ್ಕಿ.
ನಾನಿಲ್ಲಿ ಹಲಗೆಯ ಬಳಿ ಭಿನ್ನರಾಶಿ ಅಂದರೆ
ಮೂರನೇ ಬೆಂಚಿನ ಸುಯಶ ತಾಂಡೇಲನ
ಕಿವಿಯೊಳಗೇ ನಿಂತು ಅಂದಂತೆ.
ನಡುವಿನ ಗದ್ದಲ, ಫ್ಯಾನಿನ ಕಿರಕಿರ,
ಬೈತಖೋಲದಿಂದ ಹೊರಡುವ ಬೋಟಿನ ಡಗ್ ಡಗ್
ಯಾವುದೂ ಅಡ್ಡ ಬರುವುದಿಲ್ಲ,
ತರಬೇತಿ ಕೊಡಲು ಬಂದ ಹುಡುಗ ಹೇಳಿದ್ದ.
ಆರಿಸುವುದನ್ನು ಮಾತ್ರ ಮರೀಬೇಡಿ ಮೇಡಂ, ಅಂತಲೂ.

ಈ ಉಪ್ಪುಗಾಳಿಗೆ ಏನು ತಾನೇ ಬಾಳುತ್ತದೆ.
ಕಿಟಕಿಯ ಸರಳು ಪದರ ಪದರ ಉದುರುತ್ತದೆ,
ಗಂಟೆಯೆಂದು ತೂಗುಹಾಕಿದ ರೈಲು ಹಳಿಯ ತುಂಡೂ.
ಸುಯಶನ ತಾಯಿ ರಾತ್ರಿ ಅವನ ಕಿವಿಗಳನ್ನು ಬಿಚ್ಚಿ
ಅಕ್ಕಿ ಡಬ್ಬಿಯಲ್ಲಿ ಹೂತಿಡುತ್ತಾಳೆ, ತೇವ ಹೀರಲಿ ಎಂದು.
ಒಂದು ಬೆಳಿಗ್ಗೆ ಅಳೆದ ಅಕ್ಕಿಯ ಜೊತೆ
ಎಡಗಿವಿಯೂ ಹೊರಟು
ಎಸರಿಗೆ ಬೀಳುವಷ್ಟರಲ್ಲಿ ಹಿಡಿದಳಂತೆ.
ಉಗಿ ತಾಗಿದ ಗುರುತು ತೋರಿಸಿ ನಕ್ಕಳು.

ನವೆಂಬರಿನ ಮಂಗಳವಾರ, ಹತ್ತು ನಿಮಿಷದ ಬಿಡುವು.
ಮೆಟ್ಟಿಲಿಳಿದು ಸ್ಟಾಫ್ ರೂಮಿಗೆ ಹೋದೆ, ಟೀ ಬಂತು.
ಗಾಂವಕರ ಮಾಸ್ತರು ರಿಜಿಸ್ಟರಿನಿಂದ ತಲೆಯೆತ್ತದೆ ಅಂದರು:
"ಅಷ್ಟು ದುಡ್ಡಿನ ಯಂತ್ರ ಯಾಕ್ರೀ ಅವನಿಗೆ?
ನಾಳೆ ಹೇಗೂ ಧಕ್ಕೆಯ ಮೇಲೆ ಬುಟ್ಟಿ ಹೊರುವವ.
ಬಂಗಡೆಗೆ ಭಿನ್ನರಾಶಿ ಬೇಕಾ?"
ಕೆಟ್ಟವರಲ್ಲ. ಅವನ ಬೂಟಿಗೆ ದುಡ್ಡು ಕೊಟ್ಟವರೂ ಅವರೇ.
ನಾನು ಏನೂ ಅನ್ನಲಿಲ್ಲ.
ಸಕ್ಕರೆ ಕರಗಿದ ಮೇಲೂ ಚಮಚ ತಿರುಗಿಸಿದೆ.

ಮೇಲೆ ಬಂದರೆ ಬೆಂಚಿನಲ್ಲಿ ಅವನೊಬ್ಬನೇ.
ನನ್ನ ಎದೆಯ ಕಡೆ ಬೆರಳು ತೋರಿಸಿದ.
ಹಸಿರು ಚುಕ್ಕಿ ಉರಿಯುತ್ತಿತ್ತು.

ಹೇಗೆ ಕೇಳುವುದು, ಎಷ್ಟು ಕೇಳಿಸಿತು ಎಂದು?
ಅವರ ಮಾತು, ಆಮೇಲಿನ ನನ್ನ ಸುಮ್ಮನಿರುವಿಕೆ,
ಎರಡನ್ನೂ ಒಂದೇ ಸಮ ದಾಟಿಸಿತ್ತು ಡಬ್ಬಿ,
ಪಿಂಗಾಣಿಗೆ ಬಡಿದ ಚಮಚದ ಟಿಣ್ ಟಿಣ್ ಸಮೇತ.

ಮನೆಯ ಕೊಂಕಣಿಯಲ್ಲಿ ಯೋಚಿಸಿ
ಶಾಲೆಯ ಕನ್ನಡಕ್ಕೆ ಒಂದೊಂದೇ ಪದ ಇಳಿಸುವ ಹುಡುಗ
ಅವನೇ ಅಂದ:
"ಅಕ್ಕೋರೇ, ಮೆಟ್ಟಿಲು ಹತ್ತುವಾಗ
ನಿಮ್ಮ ಉಸಿರು ಸುಂಯ್ ಅಂತದೆ.
ಹನ್ನೊಂದನೇ ಮೆಟ್ಟಿಲಿಗೆ ಶುರು.
ಮೊದಲು ಹದಿನಾಲ್ಕಕ್ಕೆ ಇತ್ತು.
ನಮ್ಮ ಅಜ್ಜನಿಗೂ ಹೀಗೇ. ತೋರಿಸಿ."

ಮೊದಲು ಅಂದರೆ?
ಜೂನಿನಿಂದ, ಅಂದ.
ಜೂನಿನಿಂದ ಎಷ್ಟು ಸಲ ಮರೆತಿದ್ದೆನೋ!
ಬ್ಯಾಂಕಿನವರೊಡನೆ ಜಗಳ, ತಂಗಿಯೊಡನೆ ಪಿಸುಮಾತು,
ನಲ್ಲಿ ಬಿಟ್ಟುಕೊಂಡು ಒಮ್ಮೆ ಅತ್ತದ್ದು.
ಯಾಕೋ ಹೇಳಲಿಲ್ಲ ನೀನು?
ಗೋಡೆಯನ್ನು ಅಂಗೈಯಿಂದ ತಟ್ಟಿದ.
"ಎಲ್ಲರಿಗೂ ಇದರ ಆಚೆಯದು ಕೇಳ್ತದೆ.
ನನಗೆ ಇದೊಂದೇ ಕಿಂಡಿ."

ಸರಕಾರಿ ದವಾಖಾನೆಯಲ್ಲಿ ಡಾಕ್ಟರು
ಬೆನ್ನಿಗೆ ತಣ್ಣನೆ ಬಿಲ್ಲೆಯಿಟ್ಟು ಆರು ಸಲ ಉಸಿರೆಳೆಸಿ
ಅವನು ಹೇಳಿದ್ದನ್ನೇ ಹೇಳಿದರು.
ಈಗ ನನ್ನ ಚೀಲದಲ್ಲೂ ಒಂದು ಸಾಧನ, ನೀಲಿಯದು,
ಬಾಯಿಗಿಟ್ಟು ಒತ್ತುವಂಥದ್ದು.

ಗಾಂವಕರ ಮಾಸ್ತರಿಗೆ ಹೇಳಬೇಕಾದ್ದನ್ನು
ವಾರ ತಡವಾಗಿ ಹೇಳಿದೆ,
ಅದೇ ಕುರ್ಚಿಯಲ್ಲಿ ಕೂತು, ಸ್ವಿಚ್ಚು ಹಾಕಿಕೊಂಡೇ.
ದನಿ ನಡುಗಿತು. ಅದೂ ಹೋಗಿರಬೇಕು ಮೇಲೆ.

ಮಾರ್ಚಿನಲ್ಲಿ ಕಚೇರಿಯ ನಮೂನೆ ಬಂತು.
ಸಾಧನದ ಫಲಾನುಭವಿಗಳ ಸಂಖ್ಯೆ ಎಂಬಲ್ಲಿ
ಎರಡು ಎಂದು ಬರೆದೆ.
ಕೆಂಪು ಗೀಟು ಹೊತ್ತು ಮರಳಿತು: ಒಂದಕ್ಕೆ ಒಬ್ಬರೇ.
ತಿದ್ದಿ ಕಳಿಸಿದೆ.

ಇವತ್ತು ಬಿಡುವಿನಲ್ಲಿ ನೆನಪಿಟ್ಟು ಆರಿಸಿದೆ.
ಇಳಿದೆ, ನೀರು ಕುಡಿದೆ, ಹತ್ತತೊಡಗಿದೆ.
ಒಂಬತ್ತು. ಹತ್ತು.
ಹನ್ನೊಂದರಲ್ಲಿ ನಿಂತು
ಸ್ವಿಚ್ಚು ಹಾಕಿದೆ.