ಗುರುವಾರದ ಪ್ಲಾನು

ಗುರುವಾರ ನನಗೆ ವಾರದ ರಜೆ.
ಭುವನನಿಗೆ ಏಪ್ರಿಲ್ ಪೂರ್ತಿ ರಜೆ.
ಎರಡೂ ಕೂಡಿದ್ದು ಇದೇ ಮೊದಲಲ್ಲ,
ಪ್ರತಿ ಸಲ ಯಾರಿಗೋ ಜ್ವರ ಬಂದು
ಡಿಪೋದಿಂದ ಫೋನು ಬರುತ್ತಿತ್ತು,
ನಾನು ಖಾಕಿ ತೊಟ್ಟು ಹೊರಡುತ್ತಿದ್ದೆ.

ಈ ಸಲ ಫೋನನ್ನೇ ಆಫ್ ಮಾಡಿಡು ಎಂದಿದ್ದಾನೆ.

ಊಟದ ತಟ್ಟೆ ಸರಿಸಿ
ಹಳೇ ಟ್ರಿಪ್ ಶೀಟಿನ ಹಿಂಬದಿಗೆ ಬರೆದೆ:
ಲಾಲ್‌ಬಾಗು, ಮ್ಯೂಸಿಯಮ್ಮು,
ವಿಧಾನಸೌಧ (ಹೊರಗಿಂದ),
ಮಾರ್ಕೆಟ್ಟಲ್ಲಿ ಅವನಿಗೊಂದು ಪ್ಯಾಂಟು.
ಔಷಧಿ ಚೀಟಿ ಓದುವ ಹಾಗೆ ಓದಿ
ಪೆನ್ನು ಕಿತ್ತುಕೊಂಡ.
ಮ್ಯೂಸಿಯಮ್ಮನ್ನು ಹೊಡೆದು ಹಾಕಿದ.
"ಡೈನೋಸಾರು ಮೂರನೇ ಕ್ಲಾಸಲ್ಲೇ ನೋಡಾಯ್ತು, ಸ್ಕೂಲಿಂದ."

ಬಾಲಭವನದ ಪುಟಾಣಿ ರೈಲು
ನಾನು ಬರೆದೇ ಇರಲಿಲ್ಲ.
ಆರು ವರ್ಷದವನಿಗೆ ಕೊಟ್ಟ ಮಾತು ಅದು.
ಈಗ ಆ ಡಬ್ಬಿಯಲ್ಲಿ ಅವನ ಮೊಣಕಾಲು ಹಿಡಿಸುವುದಿಲ್ಲ.

ಚಿಲ್ಲರೆ ಇಲ್ಲದಾಗ ಟಿಕೇಟಿನ ಹಿಂದೆ
ಗೀಚಿ ಕೊಡುತ್ತೇವಲ್ಲ, ಇಳಿಯುವಾಗ ಈಸ್ಕೊಳ್ಳಿ ಅಂತ,
ಕೆಲವರು ಮರೆತು ಇಳಿದುಬಿಡುತ್ತಾರೆ.
ಆ ಎಂಟು ರೂಪಾಯಿ ಚೀಲದೊಳಗೆ
ದಿನವಿಡೀ ಬೇರೆಯಾಗೇ ಕುಲುಕುತ್ತದೆ.

ಅವನ ಪಟ್ಟಿ ಫೋನಿನಲ್ಲಿದೆ.
ಚರ್ಚ್ ಸ್ಟ್ರೀಟು. ಬರೀ ಶೂ ಮಾರುವ ಮೂರು ಮಹಡಿ ಅಂಗಡಿ,
ಕೊಳ್ಳಲಿಕ್ಕಲ್ಲ, ನೋಡಲಿಕ್ಕೆ.
ಹಳೇ ಪುಸ್ತಕದಂಗಡಿ (ನನಗೇ ಆಶ್ಚರ್ಯ).
ಎಲ್ಲೋ ರಾಮೆನ್ ಅಂತೆ, ನೂಡಲ್ಸೇ,
ಬೆಲೆ ಮಾತ್ರ ನನ್ನ ಒಂದು ಓಟಿಯಷ್ಟು.
ಮತ್ತೆ ಷರತ್ತು:
ಮೆಟ್ರೋದಲ್ಲೇ ಹೋಗಬೇಕು.
ರಸ್ತೆ ದಾಟುವಾಗ ಕೈ ಹಿಡಿಯಬಾರದು.
ಯಾರಿಗೂ "ಮುಂದೆ ಹೋಗ್ರೀ, ಮುಂದೆ ಹೋಗಿ" ಅನ್ನಬಾರದು.

"ಬಸ್ಸಲ್ಲಾದ್ರೆ ನಂಗೆ ಬಿಟ್ಟಿ ಕಣೋ."
"ನಂಗಲ್ವಲ್ಲ."
"ನಿನ್ನ ಯಾರು ಕೇಳ್ತಾರೆ, ಎಲ್ಲ ನಮ್ಮೋರೇ."
"ಅದಕ್ಕೇ ಬೇಡ ಅಂದಿದ್ದು."

ತಾಗಿತು. ತೋರಿಸಿಕೊಳ್ಳಲಿಲ್ಲ.
ಇಮ್ತಿಯಾಜಣ್ಣ ಸ್ಟೇರಿಂಗ್ ಮೇಲಿಂದ ಒಂದು ಕೈ ಎತ್ತಿ
"ಏನ್ ಸಿದ್ಗಂಗಮ್ಮಾ, ಮಗ ನಿನಗಿಂತ ಉದ್ದ ಆದ್ನಲ್ಲ!" ಎಂದು ಕೂಗುವುದೂ
ಇಡೀ ಬಸ್ಸು ತಿರುಗಿ ಅವನ ಚಿಗುರು ಮೀಸೆ ನೋಡುವುದೂ
ನನಗೂ ಕಂಡಿತು.
ಆಯ್ತು, ಮೆಟ್ರೋ.

ನಿಜ ಹೇಳಬೇಕೆಂದರೆ
ಹನ್ನೊಂದು ವರ್ಷದಿಂದ ನಾನು ಈ ಊರನ್ನು
ಬಾಯಲ್ಲಿ ಮಾತ್ರ ನೋಡಿದ್ದೇನೆ.
ಯಶವಂತಪುರ, ಮಲ್ಲೇಶ್ವರ ಸರ್ಕಲ್, ಮೆಜೆಸ್ಟಿಕ್, ಕಾರ್ಪೊರೇಷನ್,
ಕೂಗುತ್ತೇನೆ, ಅವರು ಇಳಿಯುತ್ತಾರೆ.
ನಾನು ನಿಲ್ಲುವುದು ಜನರ ಕಡೆ ಮುಖ ಮಾಡಿ;
ಊರು ನನ್ನ ಬೆನ್ನ ಹಿಂದಿನಿಂದ ಬಂದು
ಹಿಂದಿನ ಗಾಜಿನಲ್ಲಿ ಸಣ್ಣದಾಗುತ್ತದೆ.
ಕಬ್ಬನ್ ಪಾರ್ಕಿನ ಒಳಗೆ ಏನಿದೆ?
ಗೇಟು ಗೊತ್ತು. ಗೇಟಿನ ಹತ್ತಿರದ ಸೌತೆಕಾಯಿಯವಳು ಗೊತ್ತು,
ದಿನಾ ನನ್ನ ಬಸ್ಸಿಗೇ ಹತ್ತುತ್ತಾಳೆ.

"ನಿಂಗೆಲ್ಲಿಗೆ ಹೋಗ್ಬೇಕಮ್ಮ?" ಎಂದ ಕೊನೆಗೆ,
ಯಾವುದೋ ವಿಡಿಯೋ ನೋಡುತ್ತಲೇ.
ದಿನಕ್ಕೆ ಐನೂರು ಸಲ ನಾನು ಕೇಳುವ ಪ್ರಶ್ನೆ.
ನನ್ನನ್ನು ಯಾರೂ ಕೇಳಿರಲಿಲ್ಲ.
ತಡಕಾಡಿದೆ, ಸ್ಟಾಪು ಗೊತ್ತಿಲ್ಲದೆ ಹತ್ತಿದ ಮುದುಕಿಯ ಹಾಗೆ.
"ಎಲ್ಲಾದ್ರೂ," ಅಂದೆ.
"ಎಲ್ಲಾದ್ರೂ ಅಂತ ಸ್ಟಾಪಿಲ್ಲ," ಅಂದ.
ನನ್ನದೇ ಡೈಲಾಗು. ಎಲ್ಲಿ ಕೇಳಿಸಿಕೊಂಡನೋ.

ನಿನ್ನೆ ರಾತ್ರಿ ಅವನು ಮಲಗಿದ ಮೇಲೆ ನೋಡಿದೆ,
ಟ್ರಿಪ್ ಶೀಟಿನ ಮೇಲೆ ಕೋಳಿ ಕೆದರಿದಂಥ ಅಕ್ಷರ:
ಹತ್ತೂವರೆ, ಜಾಲಹಳ್ಳಿ ಮೆಟ್ರೋ.
ಹನ್ನೆರಡು, ಪುಸ್ತಕ.
ಒಂದೂಕಾಲು, ರಾಮೆನ್ (ಅಮ್ಮ ದೋಸೆ).
ಮೂರರಿಂದ ನಾಲ್ಕೂವರೆ, ಕಬ್ಬನ್ ಪಾರ್ಕು, ಬಿದಿರಿನ ಹತ್ತಿರ, ಕೂರುವುದು.
ಬರೀ ಕೂರುವುದು. ಕೆಳಗೆ ಎರಡು ಗೆರೆ.

ಬೆಳಿಗ್ಗೆ ಕೇಳಿದರೆ, ಹಲ್ಲುಜ್ಜುತ್ತ, ಬಾಯಿತುಂಬ ನೊರೆ,
"ಕಾಲು ನೋಯಲ್ವ ನಿಂಗೆ?"
ಎಂದು ಉಗುಳಿ ಹೋದ.

ಇವತ್ತು ಬುಧವಾರ. ಕೊನೇ ಟ್ರಿಪ್ಪು ಮುಗಿಸಿ
ಚೀಲ ಖಾಲಿ ಮಾಡಿ ಲೆಕ್ಕ ಒಪ್ಪಿಸಿದೆ.
ಹಾಜರಿ ಪುಸ್ತಕದಿಂದ ತಲೆಯೆತ್ತಿ ಅವರು
"ಸಿದ್ಗಂಗಮ್ಮ, ನಾಳೆ ಒಬ್ಬರು ಕಮ್ಮಿ..." ಅನ್ನುತ್ತಿರುವಾಗಲೇ
ರೈಟ್ ರೈಟ್ ಅಂದುಕೊಂಡು
ಗೇಟು ದಾಟಿಬಿಟ್ಟೆ.