ದರಪಟ್ಟಿ

ಹಳೆಯ ಕ್ಯಾಲೆಂಡರಿನ ಆಗಸ್ಟ್ ಹಾಳೆ,
ಹಿಂಬದಿ ಬಿಳಿ. ಸ್ಕೇಲಿಟ್ಟು ಗೆರೆ ಎಳೆದೆ.
ಬೆಳಿಗ್ಗೆ ಎಂಟರಿಂದ ಸಂಜೆ ಐದು ಎಂದು ಬರೆದು
ಎಂಟನ್ನು ಹೊಡೆದು ಏಳೂವರೆ ಮಾಡಿದೆ.
ತೋಟದ ಗಂಟೆ ಎಂಟಕ್ಕೆ; ಅಷ್ಟರಲ್ಲಿ
ಅವರು ಸಾಲಿನಲ್ಲಿ ನಿಂತಿರಬೇಕು, ಬರಿಗಂಕುಳಲ್ಲಿ.

ತಿಂಗಳಿಗೆ ಎಷ್ಟು?
ಇಲ್ಲಿ ಪೆನ್ನು ನಿಂತಿತು.
ಹಾಲು, ಗ್ಯಾಸು, ರಾಗಿ ಹಿಟ್ಟು, ಸೋಪು,
ಒಡೆದ ಲೋಟ, ಎಲ್ಲ ಕೂಡಿಸಿದೆ.
ಎತ್ತಿಕೊಂಡದ್ದಕ್ಕೆ ಕಾಲಂ ಯಾವುದು?
ಸೊಂಟಕ್ಕೆ ಹಚ್ಚುವ ಮುಲಾಮು ಎಪ್ಪತ್ತೆರಡು ರೂಪಾಯಿ,
ಅದನ್ನು ಬರೆಯಬಹುದು. ಬರೆದೆ.

ಸೊಸೈಟಿ ಬ್ಯಾಂಕಿನ ಬೊಳ್ಳಮ್ಮನವರು ಕುರ್ಚಿ ಎಳೆದು ಕೂತರು:
"ಮಧ್ಯಾಹ್ನ ಎರಡು ಗಂಟೆ ನಿದ್ದೆಯಲ್ಲೇ ಇರ್ತಾನಲ್ಲ ನಮ್ಮ ಅಯ್ಯಣ್ಣ,
ಅಷ್ಟನ್ನು ಕಳೆಯಿರಿ."
ವಿರಾಜಪೇಟೆ ಬಸ್ಸಲ್ಲಿ ನಿದ್ದೆ ಹೋದವರಿಗೆ
ಅರ್ಧ ಟಿಕೆಟ್ಟಾ, ಎಂದೆ.
ಜೋರಾಗಿ ನಕ್ಕರು.
ಇನ್ನೂರು ಕಡಿಮೆ ಮಾಡಿಸಿಕೊಂಡೇ ಎದ್ದರು.

ಅಸ್ಸಾಮಿನ ಜೋಹ್ರಾಗೆ ತಿಂಗಳೆಂಬುದಿಲ್ಲ,
ಶನಿವಾರದ ಬಟವಾಡೆಯಿಂದ ಶನಿವಾರದ ಬಟವಾಡೆಗೆ
ಅವಳ ಪಂಚಾಂಗ.
ಹಣ್ಣು ಕೊಯ್ಯುವಾಗ ಕಿಲೋ ಲೆಕ್ಕ,
ತಕ್ಕಡಿಯ ಮುಂದೆ ಸಾಲು, ಐದು ಆರಾಗುತ್ತದೆ.
ಬೆರಳು ಮಡಚಿ ಕೇಳಿದಳು:
"ಒಂದು ದಿನಕ್ಕೆ ಎಷ್ಟು ಕಿಲೋ?"
ನನ್ನ ದರವನ್ನು ಹಣ್ಣಿನಲ್ಲಿ ತೂಗಿ ನೋಡಿರಲಿಲ್ಲ.
ಹನ್ನೆರಡು, ಎಂದೆ.
ಅಂಗಳದಾಚೆಯ ಗಿಡಗಳ ಮೇಲೆ ಅವಳ ಕಣ್ಣು ಹರಿದು
ಒಂದೊಂದನ್ನೇ ಕೊಯ್ದು ಮುಗಿಸಿ ಬಂತು.
ಹತ್ತು, ಎಂದಳು.
ಸರಿ.

ಇದೇನು ಹೊಸದಲ್ಲ, ನಾನು ಬೆಳೆದದ್ದೂ ಹೀಗೆಯೇ.
ಲೈನ್‌ಮನೆಯ ಕೊನೆಯ ಕೋಣೆ, ಹಾಲುವಾಣದ ನೆರಳು,
ಇಪ್ಪತ್ತು ಮಕ್ಕಳು, ಒಬ್ಬಳು ಆಯಾ.
ಬೆನ್ನು ಬಾಗದಾದ ಮೇಲೆ ಕೊಯ್ಲಿನಿಂದ ತೆಗೆದು
ನಮ್ಮ ಬಳಿ ಕೂರಿಸಿದ್ದರು, ಅರ್ಧ ಕೂಲಿಗೆ.
ರೈಟರ ಪುಸ್ತಕದಲ್ಲಿ ಅವಳ ಮುಂದೆ
ದಿನವೂ ಅರ್ಧ ಗೀಟು.
ಹೆಸರೇನಿತ್ತು? ಅಮ್ಮನಿಗೆ ಫೋನ್ ಮಾಡಿದೆ.
ತುಸು ಹೊತ್ತು ಸುಮ್ಮನಿದ್ದು, "ಆಯಾ ಅಂತಲೇ" ಎಂದಳು.
"ಎಡಗಿವಿ ಹರಿದಿತ್ತು, ಅದು ನೆನಪಿದೆ.
ಓಲೆ ಹಿಡಿದು ಎಳೆದದ್ದು ನೀನೇ."

ಫೋನ್ ಇಟ್ಟು, ಹಾಳೆಯ ತಲೆಯ ಮೇಲೆ
ನನ್ನ ಹೆಸರು ಬರೆದೆ, ದಪ್ಪಗೆ, ಎರಡು ಸಲ ತಿದ್ದಿ:
ಲಲಿತಾಕ್ಷಿ.

ಐದೂವರೆಯ ಮೇಲೆ ಅರ್ಧ ಗಂಟೆಗೆ ಇಪ್ಪತ್ತು.
ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ:
ರಸ್ತೆಯಲ್ಲಿ ಆನೆ ಇದ್ದರೆ ಲೆಕ್ಕವಿಲ್ಲ.
"ಆನೆ ಇತ್ತು ಅನ್ನೋಕೆ ಎಲ್ಲರಿಗೂ ಬರ್ತದೆ" ಎಂದ ನನ್ನ ಗಂಡ.
ನಿಜವೇ. ಮಾರ್ಚಿನ ಆಡಿಟ್ ಮುಗಿಯುವತನಕ
ಬೊಳ್ಳಮ್ಮನವರ ದಾರಿಯಲ್ಲಿ ದಿನಕ್ಕೊಂದು ಆನೆ.

ಸುಳ್ಳಲ್ಲದವು ಬಂದದ್ದು ಮುಂದಿನ ಜನವರಿಯಲ್ಲಿ,
ಮರಿಯೂ ಸೇರಿ ಐದು, ಸಿದ್ದಾಪುರ ದಾಟಿದ ತಿರುವಿನಲ್ಲಿ.
ಏಳಕ್ಕೆ ಇಲಾಖೆಯ ಮೆಸೇಜು: ಯಾರೂ ಹೊರಡಬೇಡಿ.
ಜೋಹ್ರಾ ತೋಟದೊಳಗೆ. ಅವಳ ನೂರಿ
ನನ್ನ ಹಾಸಿಗೆಯಲ್ಲಿ ಅಡ್ಡಡ್ಡ.
ಓಲೆ ಬಿಚ್ಚಿಟ್ಟು ಮಲಗಿದೆ.

ಬೆಳಿಗ್ಗೆ ಆರೂವರೆಗೆ ಓಡಿಬಂದವಳು
ಸೆರಗಿನ ಗಂಟಿನಿಂದ ನೂರರ ನೋಟು ತೆಗೆದು ಚಾಚಿದಳು.
ಗೋಡೆಯ ಹಾಳೆ ತೋರಿಸಿದೆ, ಸಣ್ಣ ಅಕ್ಷರವನ್ನು.
ಅವಳಿಗೆ ಕನ್ನಡ ಓದಲು ಬಾರದು.
ಚಾಚಿದ ಕೈ ಹಾಗೇ ಇತ್ತು, ಅಂಗಡಿಯಲ್ಲಿ ನಿಂತ ಹಾಗೆ,
ನೆಟ್ಟಗೆ, ಸಾಮಾನು ಕೊಡುವತನಕ ಕದಲದಂತೆ.
ಬೇಡ ಎನ್ನಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು.
ಆ ಅರ್ಧ ಗೀಟು ಅಡ್ಡ ಬಂತು.

ತೆಗೆದುಕೊಂಡೆ.
ಡಬ್ಬಿ ತೆರೆದು ನಲವತ್ತು ವಾಪಸು ಕೊಟ್ಟೆ,
ಎಣಿಸಿಕೋ ಎಂದೆ. ಎಣಿಸಿಕೊಂಡಳು.
ಏಳೂವರೆಗೆ ಇನ್ನೂ ಒಂದು ಗಂಟೆ ಬಾಕಿ;
ನಿದ್ದೆಗಣ್ಣಿನ ನೂರಿಯನ್ನು ಈಗ
ಮನೆಗೆ ಒಯ್ದು ಮತ್ತೆ ತರುವುದೋ, ಇಲ್ಲೇ ಬಿಡುವುದೋ,
ಹೊಸ್ತಿಲ ಆಚೆಗೊಬ್ಬಳು ಈಚೆಗೊಬ್ಬಳು
ಯೋಚಿಸುತ್ತ ನಿಂತೆವು.